ಕಂಡವರ ಋಣ

ಕನ್ನಡದಲ್ಲಿ ನೋಡುವವನಿಗೆ ಎರಡು ಹೆಸರುಗಳುಂಟು. ಆಟವನ್ನು ನೋಡುವವನು ಪ್ರೇಕ್ಷಕ. ನಡೆದುದನ್ನು ಕಣ್ಣಾರೆ ಕಂಡವನು ಸಾಕ್ಷಿ. ಎರಡೂ ಸಂಸ್ಕೃತದಿಂದ ಬಂದ ಮಾತುಗಳು. ಎರಡರ ಒಳಗೂ ಕಣ್ಣಿನ ಕೆಲಸವೇ ಅಡಗಿದೆ. ಆದರೆ ಲೋಕವ್ಯವಹಾರದಲ್ಲಿ ಇವುಗಳ ನಡುವಣ ಅಂತರ ದೊಡ್ಡದು. ಪ್ರೇಕ್ಷಕನು ಆಟ ಮುಗಿದೊಡನೆ ಎದ್ದು ಮನೆಗೆ ಹೋಗಬಹುದು, ಸಾಕ್ಷಿಯಾದವನನ್ನು ಯಾರಾದರೂ, ಎಂದಾದರೂ, "ನೀನು ಕಂಡದ್ದೇನು?" ಎಂದು ಕೇಳಬಹುದು. ದೂರದರ್ಶನ ಮನೆಮನೆಗೆ ಬಂದ ಮೇಲೆ ಈ ಎರಡು ಪದಗಳ ನಡುವಣ ಗೆರೆ ಮಸಕಾಯಿತು. ದೇಶದ ದೊಡ್ಡ ದುಃಖವೊಂದನ್ನು ಬಾಲ್ಯದಲ್ಲಿ ಆ ಪೆಟ್ಟಿಗೆಯ ಮುಂದೆ ಕುಳಿತು ನೋಡಿದ ನಾವು ಪ್ರೇಕ್ಷಕರೋ, ಸಾಕ್ಷಿಗಳೋ? ನನ್ನ ಓರಗೆಯ ಅನೇಕರನ್ನು ಈ ಪ್ರಶ್ನೆ ಕಾಡಿರಬೇಕು. ನನ್ನ ಮಟ್ಟಿಗೆ ಆ ದುಃಖ 1991ರ ಮೇ ತಿಂಗಳಿನದು. ರಾಜೀವ ಗಾಂಧಿಯವರ ಹತ್ಯೆಯದು.

ಆ ಹತ್ಯೆ ನಡೆದ ಗಳಿಗೆಯನ್ನು ದೂರದರ್ಶನದ ಮುಂದೆ ಕುಳಿತವರಾರೂ ನೋಡಲಿಲ್ಲವೆಂಬುದನ್ನು ಮೊದಲು ನೆನೆಯಬೇಕು. ಮೇ 21ರ ರಾತ್ರಿ ಹತ್ತು ಗಂಟೆ ಮೀರಿದ ಮೇಲೆ, ಚುನಾವಣೆಯ ಪ್ರಚಾರಕ್ಕೆಂದು ತಮಿಳುನಾಡಿನ ಶ್ರೀಪೆರಂಬುದೂರಿಗೆ ಬಂದಿದ್ದ ರಾಜೀವರು ಜನರ ಹಾರಗಳನ್ನು ಸ್ವೀಕರಿಸುತ್ತ ವೇದಿಕೆಯ ಕಡೆಗೆ ನಡೆಯುತ್ತಿದ್ದರು. ಮೈಗೆ ಸ್ಫೋಟಕವನ್ನು ಕಟ್ಟಿಕೊಂಡಿದ್ದ ತರುಣಿಯೊಬ್ಬಳು ಕಾಲಿಗೆರಗುವವಳಂತೆ ಬಾಗಿದಳು. ಅವರಿಗೆ ಆಗ 46 ವರ್ಷ. ಆ ಕ್ಷಣದವರೆಗೂ ಚಿತ್ರಗಳನ್ನು ತೆಗೆಯುತ್ತಿದ್ದ ಹರಿಬಾಬು ಎಂಬ ಛಾಯಾಗ್ರಾಹಕನೂ ಅಲ್ಲಿಯೇ ಸತ್ತನು. ಅವನ ಕ್ಯಾಮೆರಾ ಮಾತ್ರ ಉಳಿಯಿತು. ಅದರೊಳಗಿನ ಚಿತ್ರಗಳೇ ತನಿಖೆಗೆ ದಾರಿ ತೋರಿದುವು. ಆ ದಾರಿ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರವರೆಗೆ ಬಂದುದನ್ನು ಕನ್ನಡಿಗರು ಬಲ್ಲರು. ಕತ್ತಲೆಯಲ್ಲಿ ನಡೆದ ಕೊಲೆಗೆ ಆ ಕ್ಯಾಮೆರಾ ಸಾಕ್ಷಿಯಾಯಿತು. ನಮ್ಮ ಪಾಲಿಗೆ ಬಂದುದು ಆಮೇಲಿನ ಶೋಕದ ನೋಟ.

ನಮ್ಮದು ತುಮಕೂರು ಜಿಲ್ಲೆಯ ಒಂದು ಸಣ್ಣ ಊರು. ನನಗೆ ಆಗ ಹನ್ನೊಂದು ವರ್ಷ. ಶಾಲೆಗೆ ಬೇಸಗೆಯ ರಜೆ. ಬೀದಿಗೆಲ್ಲ ಇದ್ದುದು ಒಂದೇ ದೂರದರ್ಶನ, ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ. ಮರದ ಬಾಗಿಲುಗಳುಳ್ಳ ಕಪ್ಪು ಬಿಳುಪಿನ ಪೆಟ್ಟಿಗೆ ಅದು. ಗಾಳಿ ಬೀಸಿದರೆ ಚಿತ್ರ ಕದಡುತ್ತಿತ್ತು. ಆಗ ನಮ್ಮಲ್ಲೊಬ್ಬನು ಮಾಳಿಗೆ ಹತ್ತಿ ಆಂಟೆನಾವನ್ನು ತಿರುಗಿಸಬೇಕಾಗಿತ್ತು. ರಾಮಾಯಣವನ್ನೂ ಮಹಾಭಾರತವನ್ನೂ ಭಾನುವಾರದ ಬೆಳಗಿನಲ್ಲಿ ನಾವೆಲ್ಲ ನೋಡಿದ್ದು ಅಲ್ಲಿಯೇ. ಪೆಟ್ಟಿಗೆಯ ಮುಂದೆ ಕುಳಿತುಕೊಳ್ಳುವ ಮುನ್ನ ಅದಕ್ಕೆ ಕೈಮುಗಿಯುವ ಹೆಂಗಸರೂ ಇದ್ದರು.

ಮೇ 24ರಂದು ಅದೇ ನಡುಮನೆಯಲ್ಲಿ, ಅದೇ ಚಾಪೆಗಳ ಮೇಲೆ, ಅದೇ ಜನ ಕುಳಿತರು. ದಿಲ್ಲಿಯ ತೀನ್ ಮೂರ್ತಿ ಭವನದಿಂದ ಯಮುನೆಯ ದಡಕ್ಕೆ ಅಂತಿಮ ಯಾತ್ರೆ ಹೊರಟಿತ್ತು. ವಿವರಣೆ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಅದು ಅರ್ಥವಾಗುತ್ತಿದ್ದವರು ಆ ಮನೆಯಲ್ಲಿ ಇಬ್ಬರೋ ಮೂವರೋ. ಮಾತು ತಿಳಿಯದಿದ್ದುದರಿಂದ ಮಿಕ್ಕವರಿಗೆಲ್ಲ ನೋಟವೇ ಆಧಾರ. ಬಿಳಿಯ ಸೀರೆಯುಟ್ಟು ಕಪ್ಪು ಕನ್ನಡಕ ಧರಿಸಿದ್ದ ಸೋನಿಯಾ, ಬಳಿಯಲ್ಲಿ ಮಗಳು ಪ್ರಿಯಾಂಕಾ, ಚಿತೆಗೆ ಬೆಂಕಿಯಿಡಲು ನಿಂತ 20ರ ವಯಸ್ಸಿನ ರಾಹುಲ. ನನಗಂತೂ ಭೀಷ್ಮನ ಶರಶಯ್ಯೆಯೂ ಈ ಚಿತೆಯೂ ಒಂದೇ ಪೆಟ್ಟಿಗೆಯೊಳಗಿನ ಎರಡು ಅಧ್ಯಾಯಗಳಂತೆ ಕಂಡುವು. ಇದು ಕತೆಯಲ್ಲವೆಂದು ತಿಳಿದದ್ದು ಪರದೆಯಿಂದಲ್ಲ, ಕೋಣೆಯೊಳಗಿನ ಮುಖಗಳಿಂದ. ಮೇಷ್ಟರು ಆ ಪಕ್ಷವನ್ನು ಜೀವನವಿಡೀ ಟೀಕಿಸುತ್ತ ಬಂದವರು. ಅವರು ಕನ್ನಡಕವನ್ನು ತೆಗೆದು ಪಂಚೆಯ ಅಂಚಿನಿಂದ ಒರೆಸಿದರು, ಮತ್ತೆ ಹಾಕಿಕೊಳ್ಳದೆ ಹಾಗೆಯೇ ಕೈಯಲ್ಲಿ ಹಿಡಿದುಕೊಂಡು ಕುಳಿತರು. ಮಗುವಿಗೆ ಶೋಕದ ವ್ಯಾಕರಣವನ್ನು ಕಲಿಸುವವರು ಹಿರಿಯರೇ.

ನಮ್ಮ ಅಜ್ಜಿ ಗೋಡೆಗೊರಗಿ ಕುಳಿತಿದ್ದರು. 1984ರ ನವೆಂಬರ್ 3ರಂದು ಇಂದಿರಾ ಗಾಂಧಿಯವರ ದಹನವನ್ನೂ ಅವರು ಇಂತಹುದೇ ಪೆಟ್ಟಿಗೆಯಲ್ಲಿ ನೋಡಿದ್ದವರು. "ಅವತ್ತು ಅಮ್ಮನಿಗೆ ಕೊಳ್ಳಿ ಇಟ್ಟೋನು ಇವನೇ ಅಲ್ವೇ? ಇವತ್ತು ಇವನೇ ಮಲಗಿದಾನೆ," ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಷ್ಟರೇ, ಇವನ ಜೊತೆ ಸತ್ತೋರನ್ನ ಯಾವಾಗ ತೋರಿಸ್ತಾರೆ?" ಎಂದು ಕೇಳಿದರು.

"ಅವರನ್ನೆಲ್ಲ ತೋರಿಸೋಲ್ಲ ಅಮ್ಮ," ಎಂದರು ಮೇಷ್ಟರು.

ಸಂಜೆ ಎಲ್ಲರೂ ಏಳುವಾಗ ಒಂದು ಸಣ್ಣ ಚರ್ಚೆ ನಡೆಯಿತು. ಹೆಣವನ್ನು ಕಂಡ ಮೇಲೆ ಸ್ನಾನ ಮಾಡಬೇಕಲ್ಲ. ದಿಲ್ಲಿಯ ಹೆಣಕ್ಕೆ ಇಲ್ಲಿ ಮೈಲಿಗೆಯುಂಟೆ ಎಂದು ಯಾರೋ ಕೇಳಿದರು. "ಕಣ್ಣಿಗೆ ಬಿದ್ದ ಮೇಲೆ ದೂರ ಏನು, ಹತ್ತಿರ ಏನು?" ಎಂದರು ಅಜ್ಜಿ. ಮನೆಗೆ ಬಂದು ತಲೆಯ ಮೇಲೆ ತಣ್ಣೀರು ಸುರಿದುಕೊಂಡರು. ನನ್ನ ತಲೆಯ ಮೇಲೂ ಸುರಿದರು. 1948ರಲ್ಲಿ ಗಾಂಧೀಜಿಯವರ ಸುದ್ದಿ ಬಂದಾಗಲೂ ತಮ್ಮ ತವರಿನಲ್ಲಿ ಎಲ್ಲರೂ ಮಿಂದರೆಂದು ಅವರು ಹೇಳುತ್ತಿದ್ದುದುಂಟು. ಅದು ಕಿವಿಗೆ ಬಿದ್ದ ಸಾವು, ಇದು ಕಣ್ಣಿಗೆ ಬಿದ್ದದ್ದು. ಕಂಡದ್ದಕ್ಕೆ ಕಂಡವರು ಏನಾದರೂ ಸಲ್ಲಿಸಬೇಕೆಂಬ ಅವರ ಭಾವನೆಯನ್ನು ಮಡಿ ಮೈಲಿಗೆಯ ಮಾತೆಂದು ತಳ್ಳಿಹಾಕಲು ನನಗೆ ಇಂದಿಗೂ ಮನಸ್ಸು ಬಾರದು.

ಅವರು ಮೇಷ್ಟರಿಗೆ ಹಾಕಿದ ಪ್ರಶ್ನೆಯಾದರೂ ಇನ್ನೂ ದೊಡ್ಡದು. ಶ್ರೀಪೆರಂಬುದೂರಿನಲ್ಲಿ ರಾಜೀವರೊಡನೆ ಹನ್ನೆರಡಕ್ಕೂ ಹೆಚ್ಚು ಮಂದಿ ಸತ್ತರು. ಕರ್ತವ್ಯದಲ್ಲಿದ್ದ ಪೊಲೀಸರೂ ಅವರಲ್ಲಿದ್ದರು. ಅವರ ಅಂತ್ಯಕ್ರಿಯೆಗೆ ಫಿರಂಗಿಯ ಗಾಡಿ ಬರಲಿಲ್ಲ, ನೇರ ಪ್ರಸಾರವಿರಲಿಲ್ಲ. 1984ರ ಮಾತು ಇದಕ್ಕಿಂತ ಕಠಿನವಾದುದು. ಅಂದು ತೀನ್ ಮೂರ್ತಿ ಭವನದಲ್ಲಿ ಮಲಗಿದ್ದ ಇಂದಿರಾ ಗಾಂಧಿಯವರನ್ನು ದೇಶವೆಲ್ಲ ನೋಡುತ್ತಿದ್ದ ಹೊತ್ತಿನಲ್ಲಿಯೇ, ಯಮುನೆಯ ಆಚೆಯ ದಡದ ತ್ರಿಲೋಕಪುರಿಯಲ್ಲಿ ಸಿಖ್ಖರನ್ನು ಮನೆಯಿಂದ ಹೊರಗೆಳೆದು ಕೊಲ್ಲುತ್ತಿದ್ದರು. ದಿಲ್ಲಿಯೊಂದರಲ್ಲಿಯೇ ಸತ್ತವರ ಸಂಖ್ಯೆ 2,733 ಎಂಬುದು ಸರಕಾರವು ಆಮೇಲೆ ಒಪ್ಪಿದ ಲೆಕ್ಕ. ಆ ಚಿತೆಗಳು ನಮ್ಮ ಪರದೆಗೆ ಬರಲಿಲ್ಲ. ಪತ್ರಿಕೆಗಳಿಂದ, ನಾಗರಿಕ ಹಕ್ಕುಗಳ ಸಂಘಟನೆಗಳ ವರದಿಗಳಿಂದ ಅವು ನಿಧಾನವಾಗಿ ತಿಳಿದುಬಂದುವು. ದೂರದರ್ಶನ ಆಗ ಸರಕಾರದ ನೇರ ಹಿಡಿತದಲ್ಲಿತ್ತು. ಪ್ರಸಾರ ಭಾರತಿ ಅಸ್ತಿತ್ವಕ್ಕೆ ಬಂದುದು 1997ರಲ್ಲಿ. ಅದಲ್ಲದೆ ರಾಜಮರ್ಯಾದೆಯ ಶವಯಾತ್ರೆಗೆ ಗೊತ್ತಾದ ಹೊತ್ತುಂಟು, ಗೊತ್ತಾದ ಹಾದಿಯುಂಟು; ಕ್ಯಾಮೆರಾ ಮೊದಲೇ ಹೋಗಿ ನಿಲ್ಲಬಹುದು. ಗಲ್ಲಿಯೊಳಗಿನ ಕೊಲೆಗೆ ಅಂತಹ ವೇಳಾಪಟ್ಟಿಯಿಲ್ಲ.

ದೂರದಿಂದ ನೋಡುವ ಈ ಸಂಕಟ ನಮ್ಮ ಸಾಹಿತ್ಯಕ್ಕೆ ಹೊಸದೇನೂ ಅಲ್ಲ. ದೂರದರ್ಶನವೆಂದೊಡನೆ ಎಲ್ಲರೂ ಸಂಜಯನನ್ನು ನೆನೆಯುತ್ತಾರೆ. ನನಗೆ ನೆನಪಾಗುವವಳು ಗಾಂಧಾರಿ. ವ್ಯಾಸಭಾರತದ ಸ್ತ್ರೀಪರ್ವದಲ್ಲಿ, ಕಣ್ಣು ಕಟ್ಟಿಕೊಂಡ ಆಕೆಗೆ ದಿವ್ಯದೃಷ್ಟಿ ಒದಗಿ, ಕುರುಕ್ಷೇತ್ರದ ರಣಭೂಮಿ ದೂರದಿಂದಲೇ ಕಾಣುತ್ತದೆ. ಮಕ್ಕಳಿಗಾಗಿ ಅತ್ತವಳು ಅಲ್ಲಿಗೇ ನಿಲ್ಲುವುದಿಲ್ಲ. ಅಭಿಮನ್ಯುವನ್ನು, ಅವನ ಬಳಿ ರೋದಿಸುವ ಉತ್ತರೆಯನ್ನು, ಕರ್ಣನನ್ನು, ದ್ರೋಣನನ್ನು ಒಬ್ಬೊಬ್ಬರಾಗಿ ಕೃಷ್ಣನಿಗೆ ತೋರಿಸುತ್ತಾಳೆ. ಆಮೇಲೆ ಇದನ್ನೇಕೆ ತಡೆಯಲಿಲ್ಲವೆಂದು ಅವನನ್ನೇ ಕೇಳುತ್ತಾಳೆ. ತನ್ನವರು, ಪರರು ಎಂಬ ಚೌಕಟ್ಟು ಆಕೆಯ ನೋಟದಲ್ಲಿ ಒಡೆದುಹೋಯಿತು. ಪ್ರೇಕ್ಷಕಿಯಾಗಿ ಕುಳಿತವಳು ಸಾಕ್ಷಿಯಾಗಿ ಎದ್ದು ನಿಂತಳು. ಓದು ಬರಹ ಬಾರದ ನಮ್ಮ ಅಜ್ಜಿ, ತೋರಿಸದೆ ಉಳಿದವರನ್ನು ವಿಚಾರಿಸಿದಾಗ ನಡೆದದ್ದೂ ಇದೇ.

ಈಗ ನನ್ನ ತರಗತಿಯಲ್ಲಿ ಕುಳಿತಿರುವ ವಿದ್ಯಾರ್ಥಿಗಳು 2021ರಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ, ಸಾಲುಚಿತೆಗಳನ್ನು ಅಂಗೈಯ ಫೋನಿನಲ್ಲಿ ನೋಡುತ್ತ ಬೆಳೆದವರು. ಅಂದು ಕ್ಯಾಮೆರಾ ಒಂದಿತ್ತು, ಈಗ ಸಾವಿರವಿವೆ. ಒಂದೇ ಚಿತೆಯನ್ನು ತೋರಿಸಿ ಉಳಿದವನ್ನು ಮರೆಮಾಡುವುದು ಹಿಂದಿನಷ್ಟು ಸುಲಭವಲ್ಲ. ಇದು ದೊಡ್ಡ ಲಾಭವೆಂದೇ ಹೇಳಬೇಕು. ಆದರೆ ಒಬ್ಬ ವಿದ್ಯಾರ್ಥಿನಿ ಹೇಳಿದ ಮಾತು ನನ್ನನ್ನು ಬಿಟ್ಟಿಲ್ಲ. ಆ ಚಿತ್ರಗಳನ್ನು ಅವಳು ರಾತ್ರಿ ಹೊದಿಕೆಯೊಳಗೆ ಒಬ್ಬಳೇ ನೋಡುತ್ತಿದ್ದಳಂತೆ. ಬೆರಳು ಸರಿಸಿದರೆ ಮುಂದಿನದು ಯಾರದೋ ಕುಣಿತ. ಅಳಬೇಕೋ ನಗಬೇಕೋ ತಿಳಿಯಲಿಲ್ಲವೆಂದಳು. ಅವಳಿಗೆ ನೋಟದ ಕೊರತೆಯಿರಲಿಲ್ಲ. ಕನ್ನಡಕವನ್ನು ಕೈಯಲ್ಲಿ ಹಿಡಿದು ಕುಳಿತ ಮೇಷ್ಟರೊಬ್ಬರು ಅವಳ ಬಳಿ ಇರಲಿಲ್ಲ, ಅಷ್ಟೆ.

ದೇಶದ ದುಃಖ ಮತ್ತೆ ಪರದೆಯ ಮೇಲೆ ಬಂದೇ ಬರುತ್ತದೆ. ಮಕ್ಕಳ ಕಣ್ಣು ಮುಚ್ಚಿ ಅದನ್ನು ತಡೆಯಲಾರೆವು. ಹಿರಿಯರಾದವರು ಮಾಡಬಹುದಾದುದು ಇಷ್ಟೇ: ಅಂದು ಅವರ ಪಕ್ಕದಲ್ಲಿ ಕುಳಿತುಕೊಳ್ಳುವುದು, ತಮ್ಮ ಕಣ್ಣೀರನ್ನು ಅವರಿಂದ ಮರೆಮಾಡದಿರುವುದು, ಪರದೆಗೆ ಬಾರದವರನ್ನು ಗಟ್ಟಿಯಾಗಿ ವಿಚಾರಿಸುವುದು. ಆ ಪ್ರಶ್ನೆ ಮಗುವಿನ ಕಿವಿಗೆ ಬಿದ್ದಿದ್ದರೆ ಸಾಕು. ಉತ್ತರವನ್ನು ಹುಡುಕಲು ಅದಕ್ಕೆ ಮುಂದೆ ಬಾಳೆಲ್ಲ ಇದೆ.