ಗದ್ದೆಯ ಏಡಿಯೂ ಶ್ವಾಸಕೋಶದ ಚಪ್ಪಟೆ ಹುಳುವೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಹೊಳೆಗಳಲ್ಲಿಯೂ ಕೆರೆಗಳ ಕೆಳಗಣ ಗದ್ದೆಗಳಲ್ಲಿಯೂ ಏಡಿಗಳುಂಟು. ಇವುಗಳನ್ನು ಹಿಡಿದು, ಕಾಲುಗಳನ್ನು ಒರಳಿನಲ್ಲಿ ಕುಟ್ಟಿ, ರಸವನ್ನು ಸೋಸಿ ಸಾರು ಮಾಡುವ ವಾಡಿಕೆ ರಯಿತರಲ್ಲಿದೆ. ಚೆನ್ನಾಗಿ ಕುದಿಸಿದ ಏಡಿಯು ಒಳ್ಳೆಯ ಆಹಾರವೇ ಸರಿ. ಹಸಿಯ ಏಡಿಯಲ್ಲಿ ಮಾತ್ರ ಒಂದು ಅಪಾಯವಿರಬಹುದು. ಅದನ್ನು ಇಲ್ಲಿ ವಿವರಿಸಿದೆ.

ಹುಳುವಿನ ಸ್ವರೂಪ.— ಈ ಚಪ್ಪಟೆ ಹುಳು ಕಾಫಿ ಬೀಜವನ್ನು ಹೋಲುತ್ತದೆ. ಉದ್ದ ಸುಮಾರು 1 ಸೆಂಟಿಮೀಟರು. ಆಮ್‌ಸ್ಟರ್‌ಡಾಮಿನ ಮೃಗಾಲಯದಲ್ಲಿ ಸತ್ತ ಹುಲಿಯೊಂದರ ಶ್ವಾಸಕೋಶದಲ್ಲಿ ದೊರೆತ ಇಂತಹ ಹುಳುವನ್ನು ಕೆರ್ಬರ್ಟ್ ಎಂಬವರು 1878ರಲ್ಲಿ ವರ್ಣಿಸಿದರು. 1879ರಲ್ಲಿ ಫಾರ್ಮೋಸಾ ದ್ವೀಪದಲ್ಲಿ ಮನುಷ್ಯನ ಶ್ವಾಸಕೋಶದಲ್ಲಿಯೂ ಇದು ಕಂಡುಬಂದಿತು.

ಹರಡುವ ಕ್ರಮ.— ರೋಗಿಯ ಕಫದಲ್ಲಿಯೂ ಮಲದಲ್ಲಿಯೂ ಹೊರಬಿದ್ದ ಮೊಟ್ಟೆಗಳು ನೀರಿನಲ್ಲಿ ಒಡೆದು, ಮರಿಗಳು ಮೊದಲು ಬಸವನಹುಳುವನ್ನೂ ತರುವಾಯ ಏಡಿಯನ್ನೂ ಹೊಗುತ್ತವೆ. ಅಂತಹ ಏಡಿಯನ್ನು ಹಸಿಯಾಗಿ ತಿಂದವನ ಕರುಳಿನ ಗೋಡೆಯನ್ನು ಮರಿಗಳು ತೂರಿ, ವಪೆಯನ್ನು ದಾಟಿ ಶ್ವಾಸಕೋಶವನ್ನು ಸೇರುತ್ತವೆ. ಅಲ್ಲಿ ಸುಮಾರು 2–3 ತಿಂಗಳಲ್ಲಿ ಬಲಿತು, ಅನೇಕ ವರ್ಷಗಳವರೆಗೆ ಬದುಕಬಲ್ಲವು. ಕೆಲವು ವೇಳೆ ಮಿದುಳನ್ನು ಸೇರಿ ಸೆಳವಿಗೂ ಕಾರಣವಾಗುವುದುಂಟು.

ರೋಗದ ಲಕ್ಷಣಗಳು.— ಬಹುಕಾಲದ ಕೆಮ್ಮು, ಎದೆನೋವು, ತುಕ್ಕಿನ ಬಣ್ಣದ ಅಥವಾ ರಕ್ತಮಿಶ್ರಿತ ಕಫ. ಇವು ಕ್ಷಯವನ್ನೇ ಹೋಲುವುದರಿಂದ ಮೋಸಹೋಗುವ ಸಂಭವ ಹೆಚ್ಚು. ಭಾರತದಲ್ಲಿ ಈ ರೋಗವು ಮುಖ್ಯವಾಗಿ ಮಣಿಪುರ, ನಾಗಾಲ್ಯಾಂಡ್, ಅರುಣಾಚಲ ಪ್ರದೇಶಗಳಲ್ಲಿ ಕಂಡುಬಂದಿದೆ. ಅಲ್ಲಿ ಕ್ಷಯವೆಂದು ಭಾವಿಸಿ ತಿಂಗಳುಗಟ್ಟಲೆ ಕ್ಷಯದ ಔಷಧಿ ಸೇವಿಸಿಯೂ ಗುಣ ಕಾಣದ ರೋಗಿಗಳಿದ್ದರು. ಕ್ಷಯದ ಪರೀಕ್ಷೆಗಾಗಿ ಕಫಕ್ಕೆ ಬಣ್ಣ ಹಾಕಿ ನೋಡುವಾಗ ಈ ಮೊಟ್ಟೆಗಳು ಕಾಣದೆ ಹೋಗಬಹುದು. ಬಣ್ಣ ಹಾಕದೆ ಸೂಕ್ಷ್ಮದರ್ಶಕದಲ್ಲಿ ಬೇರೆಯಾಗಿ ನೋಡಬೇಕಾಗುತ್ತದೆ.

ರಯಿತರು ಅನುಸರಿಸತಕ್ಕ ಕ್ರಮಗಳು.—

1. ಏಡಿಯ ಮಾಂಸವು ಒಳಗೂ ಬೆಳ್ಳಗಾಗುವವರೆಗೆ ಬೇಯಿಸತಕ್ಕದ್ದು. ಸೋಸಿದ ರಸವನ್ನು ಚೆನ್ನಾಗಿ ಮರಳಿಸತಕ್ಕದ್ದು. ಉಪ್ಪು, ಹುಳಿ, ಮದ್ಯಗಳಲ್ಲಿ ನೆನೆಸಿದ ಮಾತ್ರಕ್ಕೆ ಮರಿಗಳು ಸಾಯುವುವೆಂದು ನಂಬಲಾಗದು.

2. ಹಸಿಯ ಏಡಿಯ ರಸವನ್ನು ಔಷಧವೆಂದು ಯಾರಿಗೂ, ವಿಶೇಷವಾಗಿ ಮಕ್ಕಳಿಗೆ, ಕುಡಿಸಬಾರದು. ಕೊರಿಯಾ ದೇಶದಲ್ಲಿ ದಡಾರಕ್ಕೆ ಸಿಹಿನೀರಿನ ಸೀಗಡಿಯಂತಹ ಪ್ರಾಣಿಯ ಹಸಿರಸ ಕುಡಿಸುತ್ತಿದ್ದುದರಿಂದ ಅನೇಕ ಮಕ್ಕಳಿಗೆ ಈ ರೋಗ ತಗುಲಿತು.

3. ಏಡಿಯನ್ನು ಕುಟ್ಟಿದ ಒರಳು, ಕತ್ತಿ, ಸೋಸಿದ ಬಟ್ಟೆಗಳನ್ನು ಕುದಿಯುವ ನೀರಿನಿಂದ ತೊಳೆಯತಕ್ಕದ್ದು. ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳತಕ್ಕದ್ದು. ಅದೇ ಒರಳಿನಲ್ಲಿ ತೊಳೆಯದೆ ಚಟ್ನಿ ಅರೆಯಬಾರದು.

4. ಹೊಳೆ, ಕಾಲುವೆ, ಗದ್ದೆಗಳಲ್ಲಿ ಮಲವಿಸರ್ಜನೆ ಮಾಡಬಾರದು, ಕಫವನ್ನೂ ಉಗುಳಬಾರದು.

5. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆಯನ್ನು ತಪ್ಪದೆ ಮಾಡಿಸಿಕೊಳ್ಳಬೇಕು. ಹಸಿಯಾದ ಅಥವಾ ಅರೆಬೆಂದ ಏಡಿ ತಿಂದಿದ್ದಲ್ಲಿ ಅದನ್ನೂ ವೈದ್ಯರಿಗೆ ತಿಳಿಸಬೇಕು.

ರೋಗವನ್ನು ಗುರುತಿಸಿದ ಮೇಲೆ ಚಿಕಿತ್ಸೆ ಕಷ್ಟವಲ್ಲ. ವೈದ್ಯರ ಆಜ್ಞೆಯಂತೆ ಪ್ರಾಜಿಕ್ವಾಂಟೆಲ್ ಎಂಬ ಔಷಧಿಯನ್ನು ಎರಡು ಮೂರು ದಿನ ಸೇವಿಸಿದರೆ ಸಾಮಾನ್ಯವಾಗಿ ಗುಣವಾಗುತ್ತದೆ. ಆದರೂ ಔಷಧಿಗಿಂತ ಮೊದಲು ನಮ್ಮನ್ನು ಕಾಯತಕ್ಕದ್ದು ಒಲೆಯ ಬೆಂಕಿಯೇ. ಸಾರನ್ನು ಕುದಿಸುವ ಹಳೆಯ ವಾಡಿಕೆಯನ್ನು ರಯಿತರು ಬಿಡದೆ ಪಾಲಿಸಿಕೊಂಡು ಬರುವುದು ಕ್ಷೇಮ.