125 ದಿನ ಕೆಲಸ ಅಂದ್ರು ಸರಿ, ದುಡ್ಡು ಯಾರು ಕೊಡ್ತಾರೆ? ಖಾತ್ರಿ ಕಾಯ್ದೆ ಬದಲಾದ್ರೆ ನಮ್ಮ ತಾಲೂಕಿಗೆ ಏನಾಗುತ್ತೆ

ಕೊರಟಗೆರೆ: ಚನ್ನರಾಯನದುರ್ಗ ಹೋಬಳಿಯ ಯಾವ ಹಳ್ಳಿಗೆ ಹೋದ್ರೂ 'ಖಾತ್ರಿ ಕೆಲಸ' ಅಂದ್ರೆ ಬಿಡಿಸಿ ಹೇಳಬೇಕಿಲ್ಲ. ಬದು, ಕೃಷಿಹೊಂಡ, ಕೆರೆ ಹೂಳು, ದನದ ಕೊಟ್ಟಿಗೆ, ಎಲ್ಲಾ 2005ರ ಉದ್ಯೋಗ ಖಾತ್ರಿ ಕಾಯ್ದೆಯಡಿ ನಡೆದದ್ದು. ಆ ಕಾಯ್ದೆಯ ಜಾಗಕ್ಕೆ ಕೇಂದ್ರ ಸರ್ಕಾರ ಹೊಸದನ್ನು ತಂದಿದೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಪಾಸಾಗಿ, 21ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಹೆಸರು ಉದ್ದ ಇದೆ, ಚಿಕ್ಕದಾಗಿ 'ವಿಬಿ-ಜಿ ರಾಮ್ ಜಿ' ಅಂತಾರೆ. ಗಾಂಧಿ ಹೆಸರು ತೆಗೆದ್ರು ಅನ್ನೋ ಗಲಾಟೆಯೇ ಟಿವಿಯಲ್ಲಿ ಜಾಸ್ತಿ ಆಯ್ತು. ನಮ್ಮ ಭಾಗಕ್ಕೆ ಹೆಸರಿಗಿಂತ ಮುಖ್ಯವಾದದ್ದು ದುಡ್ಡಿನ ಲೆಕ್ಕ.

ಮೊದಲು ಒಳ್ಳೇ ಸುದ್ದಿ. ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ ಇದ್ದ ಕೆಲಸ 125 ದಿನ ಆಗುತ್ತೆ. ಕರ್ನಾಟಕದಲ್ಲಿ 2025-26ರ ಕೂಲಿ ದಿನಕ್ಕೆ 370 ರೂಪಾಯಿ. ಆ ದರದಲ್ಲಿ 125 ದಿನಕ್ಕೆ 46,250 ರೂಪಾಯಿ. ಕೇಳೋಕೆ ಚೆನ್ನಾಗೇ ಇದೆ.

ಈಗ ದುಡ್ಡು ಕೊಡೋರ ವಿಷ್ಯಕ್ಕೆ ಬರೋಣ. ಹಳೇ ಕಾಯ್ದೆಯಲ್ಲಿ ಕೂಲಿಯ ಪೂರ್ತಿ ಹಣ ಕೇಂದ್ರದ್ದು. ಸಾಮಗ್ರಿಯಲ್ಲಿ ಮಾತ್ರ ಮುಕ್ಕಾಲು ಕೇಂದ್ರ, ಕಾಲು ಭಾಗ ರಾಜ್ಯ. ಒಂದು ಕಾಮಗಾರಿಗೆ 100 ರೂಪಾಯಿ ಖರ್ಚಾಗಿ, ಅದರಲ್ಲಿ 60 ಕೂಲಿ, 40 ಸಾಮಗ್ರಿ ಅಂತಿಟ್ಟುಕೊಳ್ಳಿ. ಕೇಂದ್ರ 90 ಕೊಡ್ತಿತ್ತು, ರಾಜ್ಯ 10. ಹೊಸ ಕಾಯ್ದೆಯಲ್ಲಿ ಕರ್ನಾಟಕದಂಥ ರಾಜ್ಯಗಳಿಗೆ ಕೇಂದ್ರದ ಪಾಲು 60, ರಾಜ್ಯದ್ದು 40. ಅಂದ್ರೆ ರಾಜ್ಯದ ಹೊರೆ ನಾಲ್ಕು ಪಟ್ಟು. 25 ದಿನ ಜಾಸ್ತಿ ಅಂತ ಘೋಷಿಸಿದವರು ಡೆಲ್ಲಿಯವರು, ಬಿಲ್ಲಿನ ದೊಡ್ಡ ತುಂಡು ಬಂದದ್ದು ಬೆಂಗಳೂರಿಗೆ.

ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ, ಅದು ಜನರ ಕಣ್ಣಿಗೆ ಬಿದ್ದಿದ್ದು ಕಮ್ಮಿ. ಹಿಂದೆ ಜನ ಎಷ್ಟು ಕೆಲಸ ಕೇಳ್ತಾರೋ ಅಷ್ಟಕ್ಕೆ ದುಡ್ಡು ಹೊಂದಿಸಬೇಕು ಅನ್ನೋದು ಕಾಯ್ದೆಯ ಬುಡ. ಇನ್ಮೇಲೆ ಯಾವ ರಾಜ್ಯಕ್ಕೆ ವರ್ಷಕ್ಕೆ ಎಷ್ಟು ಅಂತ ಕೇಂದ್ರವೇ ಮೊದಲು ಗೆರೆ ಎಳೆಯುತ್ತೆ. ಗೆರೆ ದಾಟಿದ್ರೆ ಮೇಲಿನ ಖರ್ಚೆಲ್ಲಾ ರಾಜ್ಯದ್ದು. ಮಳೆ ಕೈಕೊಟ್ಟ ವರ್ಷ ಮಧುಗಿರಿ, ಪಾವಗಡ ಕಡೆ ಕೆಲಸ ಕೇಳೋರು ಒಂದೇ ಸಲ ಜಾಸ್ತಿ ಆಗ್ತಾರೆ. ಗೆರೆ ಮುಟ್ಟೋದೂ ಅಂಥ ವರ್ಷವೇ.

ಕೇಂದ್ರದ ವಾದವನ್ನೂ ಹೇಳಬೇಕು. ವರ್ಷಕ್ಕೆ ಒಟ್ಟು ಸುಮಾರು 1.51 ಲಕ್ಷ ಕೋಟಿ ಬೇಕಾಗುತ್ತೆ, ಅದರಲ್ಲಿ ನಮ್ಮ ಪಾಲೇ 95,692 ಕೋಟಿ, ಇದು ಹಿಂದಿಗಿಂತ ಜಾಸ್ತಿ ಅಂತ ಅವರ ಲೆಕ್ಕ. ಆದ್ರೆ ಅದು ಅಂದಾಜು. ಉಳಿದದ್ದನ್ನು ರಾಜ್ಯಗಳು ಹಾಕಿದ್ರೆ ಮಾತ್ರ ಆ ಮೊತ್ತ ಪೂರ್ತಿ ಆಗೋದು.

ಅನುಮಾನಕ್ಕೆ ಹಿಂದಿನ ಅನುಭವವೇ ಕಾರಣ. 2022-23ರಲ್ಲಿ ಈ ಯೋಜನೆಗೆ ಪರಿಷ್ಕೃತ ಅಂದಾಜು 89,400 ಕೋಟಿ ಇತ್ತು. ಮುಂದಿನ ವರ್ಷದ ಬಜೆಟ್‌ನಲ್ಲಿ ಇಟ್ಟದ್ದು 60,000 ಕೋಟಿ. ಆ ವರ್ಷವೇ ನಮ್ಮ ರಾಜ್ಯದಲ್ಲಿ ಬರ ಬಂದು 223 ತಾಲೂಕು ಬರಪೀಡಿತ ಅಂತ ಘೋಷಣೆ ಆಯ್ತು. ಬರ ಪರಿಹಾರಕ್ಕೆ ರಾಜ್ಯ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟ್ ಬಾಗಿಲು ತಟ್ಟಿದ ಮೇಲೆ, 2024ರ ಏಪ್ರಿಲ್ ಕೊನೆಗೆ ಬಂದದ್ದು ಸುಮಾರು 3,454 ಕೋಟಿ. ಶಿರಾ, ಪಾವಗಡದವರು ಕಾಯ್ತಿರೋ ಭದ್ರಾ ಮೇಲ್ದಂಡೆಗೆ 2023ರ ಫೆಬ್ರವರಿ 1ರ ಬಜೆಟ್‌ನಲ್ಲಿ 5,300 ಕೋಟಿ ಅಂದ್ರು. ಆ ದುಡ್ಡಿನ ಕಥೆ ನಿಮಗೇ ಗೊತ್ತು.

ಖಜಾನೆ ಖಾಲಿ ಇತ್ತಾ ಅಂದ್ರೆ, 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿದ್ರು. ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಬಿಡ್ತಿದ್ದೀವಿ ಅಂತ ಸರ್ಕಾರವೇ ಆಗ ಹೇಳಿತ್ತು. ಹೂಡಿಕೆ ಬರುತ್ತೆ, ಕೆಲಸ ಹುಟ್ಟುತ್ತೆ ಅಂತ ಸಮರ್ಥನೆ. ಇರ್ಲಿ. ಆದ್ರೆ ಕಂಪನಿಗೆ ಬಿಟ್ಟದ್ದು 'ಪ್ರೋತ್ಸಾಹ', ಬಿಸಿಲಲ್ಲಿ ಮಣ್ಣು ಹೊತ್ತವರಿಗೆ ಕೊಟ್ಟ ಕೂಲಿ ಮಾತ್ರ 'ಹೊರೆ' ಹೇಗಾಗುತ್ತೆ?

ರಾಜ್ಯದವರೇನು ಕೈ ತೊಳ್ಕೊಳ್ಳೋ ಹಾಗಿಲ್ಲ. ಗ್ಯಾರಂಟಿಗಳಿಗೆ ವರ್ಷಕ್ಕೆ 50 ಸಾವಿರ ಕೋಟಿ ಮೇಲೆ ಹೋಗ್ತಿರುವಾಗ ಈ ಶೇ 40 ಎಲ್ಲಿಂದ ತರ್ತಾರೆ ಅನ್ನೋದನ್ನು ನಮ್ಮ ಶಾಸಕರು ಹೇಳಬೇಕು.

ಇನ್ನು ಬಿತ್ತನೆ, ಕಟಾವಿನ ಸಮಯದಲ್ಲಿ ವರ್ಷಕ್ಕೆ 60 ದಿನದವರೆಗೆ ಕೆಲಸ ನಿಲ್ಲಿಸೋ ಅವಕಾಶ. ತೋಟಕ್ಕೆ, ಹೊಲಕ್ಕೆ ಆಳು ಸಿಗಲ್ಲ ಅನ್ನೋದು ರೈತರ ಹಳೇ ದೂರು, ಸುಳ್ಳೂ ಅಲ್ಲ. ಆದ್ರೆ ಕಡಲೆಕಾಯಿ ಬಿತ್ತೋಕೇ ಮಳೆ ಬಾರದಿದ್ದಾಗ ಹೊಲದಲ್ಲೂ ಕೂಲಿ ಇಲ್ಲ, ಪಂಚಾಯ್ತಿಯಲ್ಲೂ ಇಲ್ಲ ಅಂತಾಗುತ್ತೆ. ಯಾವ 60 ದಿನ ಅಂತ ಗೊತ್ತುಮಾಡೋದು ರಾಜ್ಯ ಸರ್ಕಾರ, ಹಾಗಾಗಿ ಈ ಒಂದು ವಿಷ್ಯದಲ್ಲಿ ಒತ್ತಡ ಹಾಕೋಕೆ ಜಾಗ ಇದೆ.

ಅಂಗಡಿಯವರು 'ನಮಗೇನು' ಅನ್ಕೋಬಾರದು. ಒಂದು ಪಂಚಾಯ್ತಿಯಲ್ಲಿ 200 ಮನೆಯವರು ತಲಾ 40 ದಿನ ಕೆಲಸ ಮಾಡಿದ್ರು ಅಂದ್ಕೊಳ್ಳಿ, 370ರಂತೆ 29 ಲಕ್ಷ 60 ಸಾವಿರ. ಈ ದುಡ್ಡು ಷೇರು ಮಾರ್ಕೆಟ್‌ಗೆ ಹೋಗಲ್ಲ. ಎಣ್ಣೆ, ಬೇಳೆ, ಗೊಬ್ಬರ, ಮಕ್ಕಳ ಬಟ್ಟೆ, ಔಷಧಿ ಅಂತ ಸುತ್ತಮುತ್ತಲ ಅಂಗಡಿಯಲ್ಲೇ ಖರ್ಚಾಗುತ್ತೆ. ಕೂಲಿ ತಡ ಆದ್ರೆ ಉದ್ರಿ ಪುಸ್ತಕ ದಪ್ಪ ಆಗೋದು ಯಾರದ್ದು ಅಂತ ಕಿರಾಣಿಯವರನ್ನು ಕೇಳಿ.

ಹೊಸ ಕಾಯ್ದೆಗೆ ತಕ್ಕಂತೆ ತಮ್ಮ ಯೋಜನೆ ಮಾಡ್ಕೊಳ್ಳೋಕೆ ರಾಜ್ಯಗಳಿಗೆ ಆರು ತಿಂಗಳ ಗಡುವಿದೆ. ಕೆಲಸ ಬೇಕಾದವರು ಬಾಯಿಮಾತಲ್ಲಿ ಕೇಳಿ ಸುಮ್ಮನಾಗಬೇಡಿ. ಪಂಚಾಯ್ತಿಗೆ ಅರ್ಜಿ ಬರೆದುಕೊಟ್ಟು ತಾರೀಕು ಹಾಕಿದ ರಸೀದಿ ಇಸ್ಕೊಳ್ಳಿ. 15 ದಿನದಲ್ಲಿ ಕೆಲಸ ಕೊಡದಿದ್ರೆ ನಿರುದ್ಯೋಗ ಭತ್ಯೆ ಕೊಡಬೇಕು ಅನ್ನೋ ನಿಯಮ ಹೊಸ ಕಾಯ್ದೆಯಲ್ಲೂ ಉಳಿದಿದೆ. ರಸೀದಿ ಇಲ್ಲದಿದ್ರೆ ಆ 15 ದಿನ ಯಾವತ್ತಿಂದ ಅಂತ ತೋರಿಸೋಕೆ ಕೈಯಲ್ಲಿ ಏನೂ ಇರಲ್ಲ.