ಗ್ರಾಫ್ ಹಾಳೆ ಓರೆ ಮಾಡಿ, ಚೌಕ ಎಣಿಸಿ: ಸಾಪೇಕ್ಷತೆಗೆ ಒಂದು ಸುಲಭ ನಕ್ಷೆ

ಮೈಸೂರು, ನಾಗನಹಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ. ರೈಲ್ವೆ ನಿಯಂತ್ರಣ ಕಚೇರಿಯ ಚಾರ್ಟಿನಲ್ಲಿ ಈ ನಿಲ್ದಾಣಗಳು ಒಂದು ಅಂಚಿನಲ್ಲಿರುತ್ತವೆ, ಗಂಟೆ ನಿಮಿಷಗಳು ಇನ್ನೊಂದು ಅಂಚಿನಲ್ಲಿ. ಓಡುವ ರೈಲಿಗೆ ಓರೆಗೆರೆ, ನಿಂತ ರೈಲಿಗೆ ನೇರಗೆರೆ. ಎರಡು ಗೆರೆ ಕೂಡಿದಲ್ಲಿ ಎರಡು ರೈಲು ಸಂಧಿಸುತ್ತವೆ. ಎಲ್ಲಿ, ಯಾವಾಗ ಎಂಬ ಎರಡೂ ಪ್ರಶ್ನೆಗೆ ಒಂದೇ ಚುಕ್ಕೆ ಉತ್ತರ ಹೇಳುತ್ತದೆ. ಭೌತವಿಜ್ಞಾನಿಗಳ ದೇಶಕಾಲ ನಕ್ಷೆಯೂ ಇದೇ. ಅವರು ಕಾಲವನ್ನು ಕೆಳಗಿನಿಂದ ಮೇಲಕ್ಕೆ ಬರೆಯುತ್ತಾರೆ, ಇದೊಂದು ವ್ಯತ್ಯಾಸ.

ಇನ್ನೊಂದು ವ್ಯತ್ಯಾಸ ಅಳತೆಯದು. ಬೆಳಕು ಒಂದು ಮೈಕ್ರೊಸೆಕೆಂಡಿನಲ್ಲಿ ಸುಮಾರು 300 ಮೀಟರ್ ಹೋಗುತ್ತದೆ. ಕಾಲದ ಒಂದು ಮನೆಗೆ 1 ಮೈಕ್ರೊಸೆಕೆಂಡ್, ದೂರದ ಒಂದು ಮನೆಗೆ 300 ಮೀಟರ್ ಎಂದಿಟ್ಟುಕೊಂಡರೆ ಬೆಳಕಿನ ಗೆರೆ 45 ಡಿಗ್ರಿಗೆ ಬಾಗುತ್ತದೆ. ಈ ಅಳತೆಯಲ್ಲಿ ಗಂಟೆಗೆ 100 ಕಿಲೋಮೀಟರ್ ಓಡುವ ರೈಲಿನ ಗೆರೆ, ಒಂದು ಕಿಲೋಮೀಟರ್ ಉದ್ದದ ಕಾಗದದಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಮಾತ್ರ ಓರೆಯಾದೀತು. ಸಾಪೇಕ್ಷತೆ ನಮ್ಮ ದಿನಬಳಕೆಯ ಕಣ್ಣಿಗೆ ಬೀಳದಿರುವುದು ಇದಕ್ಕೇ.

ಹಳೆಯ ನಕ್ಷೆಯ ತೊಡಕು

ಹರ್ಮನ್ ಮಿಂಕೊವ್ಸ್ಕಿ 1908ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಮಾಡಿದ ಉಪನ್ಯಾಸದಿಂದ ಹೆಸರಾದ ನಕ್ಷೆಯೇ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಅದರಲ್ಲಿ ವಿದ್ಯಾರ್ಥಿ ಎಡವುವ ಜಾಗ ಒಂದೇ. ಮೇಲಕ್ಕೆ 5 ಮನೆ, ಪಕ್ಕಕ್ಕೆ 3 ಮನೆ ಹೋದ ಗೆರೆಯನ್ನು ಸ್ಕೇಲಿನಿಂದ ಅಳೆದರೆ 5.83 ಬರುತ್ತದೆ. ಆದರೆ ಆ ದಾರಿಯಲ್ಲಿ ಹೋದವರ ಗಡಿಯಾರ ತೋರಿಸುವುದು 4. ಕಣ್ಣಿಗೆ ಉದ್ದವಾಗಿರುವ ಗೆರೆಯೇ ಕಾಲದಲ್ಲಿ ಗಿಡ್ಡ. ಓರೆ ಅಕ್ಷದ ಮೇಲೆ ಅಳತೆ ಗುರುತಿಸಲು ಹೈಪರ್ಬೊಲ ಎಳೆಯಬೇಕು. ಪಿಯುಸಿ ಹುಡುಗ ಅಲ್ಲಿಗೇ ಪುಸ್ತಕ ಮುಚ್ಚುತ್ತಾನೆ.

ಇದಕ್ಕೆ ಬದಲಿಗಳು ಬಂದಿವೆ. ಉರುಗ್ವೆಯಲ್ಲಿ ಹುಟ್ಟಿ ಅರ್ಜೆಂಟೀನಾದಲ್ಲಿ ಪಾಠ ಮಾಡಿದ ಎನ್ರಿಕೆ ಲೊಡೆಲ್ 1948ರಲ್ಲಿ ಮುಂದಿಟ್ಟ ನಕ್ಷೆಯಲ್ಲಿ ಇಬ್ಬರು ವೀಕ್ಷಕರ ಅಕ್ಷಗಳೂ ಸಮನಾಗಿ ಅತ್ತಿತ್ತ ಬಾಗುತ್ತವೆ. ಇಬ್ಬರ ಅಳತೆಗೂ ಒಂದೇ ಸ್ಕೇಲು ಸಾಕು, ಆದರೆ ಮೂರನೆಯವರು ಬಂದರೆ ಅನುಕೂಲ ಕೆಡುತ್ತದೆ. ಲೂಯಿಸ್ ಎಪ್ಸ್ಟೈನ್ 1980ರ ದಶಕದಲ್ಲಿ ಜನಪ್ರಿಯಗೊಳಿಸಿದ ನಕ್ಷೆಯಲ್ಲಿ ಪ್ರಯಾಣಿಕನ ಸ್ವಂತ ಕಾಲವೇ ಒಂದು ಅಕ್ಷ. ಅಲ್ಲಿ 3, 4, 5ರ ಲೆಕ್ಕ ಪೈಥಾಗೊರಸ್ ತ್ರಿಕೋನವಾಗಿ ಸಲೀಸಾಗಿ ಕೂರುತ್ತದೆ. ಆದರೆ ಬೇರೆಯಾಗಿ ಹೋಗಿ ಮತ್ತೆ ಸೇರಿದ ಇಬ್ಬರು ಆ ನಕ್ಷೆಯಲ್ಲಿ ಒಂದೇ ಚುಕ್ಕೆಗೆ ಬಂದು ಸೇರುವುದಿಲ್ಲ. ರೈಲಿನ ಚಾರ್ಟಿನ ಮುಖ್ಯ ಗುಣವೇ ಅಲ್ಲಿ ಕಳೆದುಹೋಗುತ್ತದೆ.

ತರಗತಿಗೆ ಹೆಚ್ಚು ಒಗ್ಗುವುದು ಅಮೆರಿಕದ ಭೌತಶಾಸ್ತ್ರ ಅಧ್ಯಾಪಕ ರಾಬರ್ಟೊ ಸಾಲ್ಗಾಡೊ 2016ರಲ್ಲಿ ವಿವರಿಸಿದ ವಿಧಾನ. ಅದಕ್ಕೆ ಬೇಕಾದದ್ದು ಗ್ರಾಫ್ ಹಾಳೆ ಮತ್ತು ಪೆನ್ಸಿಲ್ ಮಾತ್ರ.

ಹಾಳೆ ಹೀಗಿಡಿ

ಗ್ರಾಫ್ ಹಾಳೆಯನ್ನು 45 ಡಿಗ್ರಿ ತಿರುಗಿಸಿ. ಪ್ರತಿ ಚೌಕವೂ ಮೂಲೆಯ ಮೇಲೆ ನಿಲ್ಲುತ್ತದೆ. ಈಗ ಹಾಳೆಯಲ್ಲಿ ಅಚ್ಚಾಗಿರುವ ಗೆರೆಗಳೆಲ್ಲ ಬೆಳಕಿನ ದಾರಿಗಳು. ಚೌಕದ ಕೆಳಮೂಲೆಯಿಂದ ಮೇಲ್ಮೂಲೆಗೆ 1 ಮೈಕ್ರೊಸೆಕೆಂಡ್. ಎಡಮೂಲೆಯಿಂದ ಬಲಮೂಲೆಗೆ 300 ಮೀಟರ್.

ಒಂದು ಚೌಕವೆಂದರೆ ಗಡಿಯಾರದ ಒಂದು ಟಿಕ್. ನಿಮ್ಮ ಎಡಕ್ಕೂ ಬಲಕ್ಕೂ 150 ಮೀಟರ್ ದೂರದಲ್ಲಿ ಕನ್ನಡಿಗಳಿವೆ ಎನ್ನಿ. ಎರಡೂ ಕಡೆಗೆ ಒಮ್ಮೆಲೇ ಬೆಳಕು ಬಿಟ್ಟರೆ ಅದು ಕನ್ನಡಿಗೆ ಬಡಿದು 1 ಮೈಕ್ರೊಸೆಕೆಂಡಿಗೆ ಒಟ್ಟಿಗೇ ವಾಪಸಾಗುತ್ತದೆ. ಹೋಗಿ ಬಂದ ಆ ಬೆಳಕಿನ ದಾರಿಯೇ ಹಾಳೆಯ ಮೇಲಿನ ಚೌಕ.

ಕರಿಘಟ್ಟದಲ್ಲಿ ಅಕ್ಕ, ದಾರಿಯಲ್ಲಿ ತಂಗಿ

ಅವಳಿಗಳಲ್ಲಿ ಅಕ್ಕ ಕರಿಘಟ್ಟದ ಶ್ರೀನಿವಾಸನ ಗುಡಿಯ ಬಳಿ ನಿಂತಿದ್ದಾಳೆ. ಅವಳ ಗೆರೆ ನೇರ ಮೇಲಕ್ಕೆ, ಮೂಲೆಗೆ ಮೂಲೆ ತಾಗಿದ 10 ಚೌಕಗಳು. ತಂಗಿ ಬೆಳಕಿನ ಐದನೇ ಮೂರರಷ್ಟು ವೇಗದಲ್ಲಿ ಶ್ರೀರಂಗಪಟ್ಟಣದ ಕಡೆಗೆ 900 ಮೀಟರ್ ಹೋಗಿ ಅದೇ ವೇಗದಲ್ಲಿ ಮರಳುತ್ತಾಳೆ. ಅಂಥ ವಾಹನ ಇಲ್ಲ. ಲೆಕ್ಕಕ್ಕೆ ಇದೆ ಎನ್ನೋಣ.

ಹೊರಟ ಚುಕ್ಕೆಯಿಂದ ಬಲಕ್ಕೆ ಏರುವ ಗೆರೆಯಲ್ಲಿ 8 ಬದಿ, ಅಲ್ಲಿಂದ ಎಡಕ್ಕೆ ಏರುವ ಗೆರೆಯಲ್ಲಿ 2 ಬದಿ ಎಣಿಸಿ. ತಂಗಿ ಹಿಂತಿರುಗುವ ಚುಕ್ಕೆ ಅದು. ಎತ್ತರ 8 ಕೂಡಿಸು 2ರ ಅರ್ಧ, ಅಂದರೆ 5 ಮೈಕ್ರೊಸೆಕೆಂಡ್. ಪಕ್ಕಕ್ಕೆ 8 ಕಳೆ 2ರ ಅರ್ಧ, 3 ಮನೆ, ಅಂದರೆ 900 ಮೀಟರ್.

ಈಗ 8 ಉದ್ದ, 2 ಅಗಲದ ಆಯತದಲ್ಲಿರುವ ಚೌಕಗಳನ್ನು ಎಣಿಸಿ: 16. ಅದರ ವರ್ಗಮೂಲ 4. ತಂಗಿಯ ಗಡಿಯಾರದಲ್ಲಿ ಕಳೆದದ್ದು 4 ಮೈಕ್ರೊಸೆಕೆಂಡ್. ಅದೇ ಹೊತ್ತಿಗೆ ಅಕ್ಕನ ಆಯತ 5 ಉದ್ದ 5 ಅಗಲ. 25 ಚೌಕ, ವರ್ಗಮೂಲ 5. ಮರಳುವಾಗಲೂ ಇದೇ ಲೆಕ್ಕ. ಇಬ್ಬರೂ ಮತ್ತೆ ಸೇರಿದಾಗ ಅಕ್ಕನಿಗೆ 10, ತಂಗಿಗೆ 8.

ಚೌಕ ಎಣಿಸಿದರೆ ಕಾಲ ಸಿಗುವುದೇಕೆ? ತಂಗಿಯ ಬಳಿಯೂ ಅಂಥದ್ದೇ ಕನ್ನಡಿ ಗಡಿಯಾರ ಇದೆ. ಅವಳು ಓಡುತ್ತಿರುವುದರಿಂದ ನಮ್ಮ ಹಾಳೆಯಲ್ಲಿ ಅವಳ ಒಂದು ಟಿಕ್ 2 ಉದ್ದ, ಅರ್ಧ ಅಗಲದ ಆಯತವಾಗಿ ಕಾಣುತ್ತದೆ. ಒಂದು ಬದಿ ಎಷ್ಟು ಪಟ್ಟು ಹಿಗ್ಗುತ್ತದೋ ಇನ್ನೊಂದು ಅಷ್ಟೇ ಪಟ್ಟು ಕುಗ್ಗುತ್ತದೆ, ವಿಸ್ತೀರ್ಣ ಮಾತ್ರ ಬದಲಾಗದು. ಅಕ್ಕ ಹೆಚ್ಚಲ್ಲ, ತಂಗಿ ಕಡಿಮೆಯಲ್ಲ, ಬೆಳಕಿನ ವೇಗ ಇಬ್ಬರಿಗೂ ಒಂದೇ ಎಂಬ ಐನ್‌ಸ್ಟೈನ್ 1905ರಲ್ಲಿ ಹೇಳಿದ ಎರಡು ಮಾತುಗಳಿಂದ ಇದು ನೇರವಾಗಿ ಬರುತ್ತದೆ. ಆ ಆಯತದ ಇನ್ನೊಂದು ಕರ್ಣ ಎಳೆದರೆ ತಂಗಿಗೆ ಏಕಕಾಲದಲ್ಲಿ ನಡೆದ ಘಟನೆಗಳ ಗೆರೆ ಸಿಗುತ್ತದೆ. ಅದು ಅಕ್ಕನ ಅಡ್ಡಗೆರೆಗಿಂತ ಓರೆಯಾಗಿರುವುದನ್ನು ನೋಡಿದರೆ, ‘ಈಗ’ ಎಂಬುದು ಇಬ್ಬರಿಗೂ ಒಂದೇ ಅಲ್ಲ ಎಂಬುದು ತಿಳಿಯುತ್ತದೆ.

ಕೋಲಾರದ ಸಾಕ್ಷಿ

ಇಂಥ ವೇಗದ ವಾಹನ ಇಲ್ಲದಿದ್ದರೂ ಇಂಥ ವೇಗದ ಕಣಗಳು ನಮ್ಮ ತಲೆಯ ಮೇಲೆ ಸದಾ ಸುರಿಯುತ್ತಿವೆ. ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಮ್ಯೂಆನ್‌ಗಳು ಹುಟ್ಟುತ್ತವೆ. ಅವುಗಳ ಸರಾಸರಿ ಆಯಸ್ಸು 2.2 ಮೈಕ್ರೊಸೆಕೆಂಡ್. ಬೆಳಕಿನ ವೇಗದಲ್ಲೇ ಬಂದರೂ ಅಷ್ಟರೊಳಗೆ 660 ಮೀಟರ್ ದಾಟಬಹುದು, ಅಷ್ಟೆ. ಆದರೂ ಅವು ನೆಲ ಮುಟ್ಟುತ್ತವೆ.

ಹಾಳೆಯಲ್ಲಿ ನೋಡಿ. 15 ಕಿಲೋಮೀಟರ್ ಎಂದರೆ 50 ಮನೆ. 100 ಉದ್ದ, ಒಂದರ ಇಪ್ಪತ್ತೈದನೇ ಭಾಗ ಅಗಲದ ನೀಳ ಆಯತ ಎಳೆದರೆ ದೂರ ಹೆಚ್ಚುಕಡಿಮೆ ಸರಿಹೋಗುತ್ತದೆ. ವಿಸ್ತೀರ್ಣ 4 ಚೌಕ, ವರ್ಗಮೂಲ 2. ನಮಗೆ 50 ಮೈಕ್ರೊಸೆಕೆಂಡ್ ಕಳೆದರೂ ಮ್ಯೂಆನಿಗೆ ಕಳೆದದ್ದು 2 ಮಾತ್ರ. ಆಯಸ್ಸು ಇನ್ನೂ ಮುಗಿದಿಲ್ಲ.

ಇನ್ನೂ ಹೆಚ್ಚು ಶಕ್ತಿಯ ಮ್ಯೂಆನ್‌ಗಳು ನೆಲದೊಳಕ್ಕೂ ಇಳಿಯುತ್ತವೆ. ಕನ್ನಡಿಗ ವಿಜ್ಞಾನಿ ಬಿ. ವಿ. ಶ್ರೀಕಂಠನ್ 1950ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗೆ ಉಪಕರಣಗಳನ್ನು ಇಳಿಸಿ, ಯಾವ ಆಳದಲ್ಲಿ ಎಷ್ಟು ಮ್ಯೂಆನ್ ಸಿಗುತ್ತವೆ ಎಂದು ಅಳೆದರು. ಆ ಕೆಲಸದ ಮುಂದುವರಿಕೆಯಾಗಿ 1965ರಲ್ಲಿ ಅದೇ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದ ನ್ಯೂಟ್ರಿನೊ ಎಂಬ ಕಣಗಳ ಗುರುತು ಸಿಕ್ಕಿತು.

ಈ ವಿಧಾನಕ್ಕೆ ಮಿತಿಯೂ ಇದೆ. ಒಂದೇ ನೇರಗೆರೆಯ ಮೇಲೆ ಹಿಂದೆ ಮುಂದೆ ಸಾಗುವ ಚಲನೆಗೆ ಮಾತ್ರ ಇದು ಸಲ್ಲುತ್ತದೆ. ವೇಗ ಸುಲಭ ಭಿನ್ನರಾಶಿಯಲ್ಲದಿದ್ದರೆ ಎಣಿಕೆ ಚೌಕಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಪಠ್ಯಪುಸ್ತಕದ ಸೂತ್ರವನ್ನು ಕೈಬಿಡಬೇಕಿಲ್ಲ, ಎಣಿಕೆಯ ನಂತರ ಕಲಿಸಿದರಾಯಿತು. ಪಿಯುಸಿ ಪಾಠ ಮಾಡುವ ಮೇಷ್ಟ್ರುಗಳು ಮುಂದಿನ ತರಗತಿಯಲ್ಲಿ ಮಕ್ಕಳ ಕೈಗೆ ಗ್ರಾಫ್ ಹಾಳೆ ಕೊಟ್ಟು, 9 ಉದ್ದ 1 ಅಗಲದ ಆಯತ ಎಳೆಸಿ, ವೇಗ ಎಷ್ಟು, ತಂಗಿಯ ಗಡಿಯಾರ ಎಷ್ಟು ಎಂದು ಕೇಳಲಿ. ಬೆಳಕಿನ ಐದನೇ ನಾಲ್ಕು ಭಾಗ, 3 ಮೈಕ್ರೊಸೆಕೆಂಡ್ ಎಂಬ ಉತ್ತರ ಬಂದರೆ ಪಾಠ ಅರ್ಥವಾಗಿದೆ ಎಂದೇ ಲೆಕ್ಕ.